ಅಪ್ಪನ 140 ಪುಟ ಮತ್ತು 2 ಕೆಬಿಯ ಚೀಟಿ: ಫೈಲ್ ಅಂದ್ರೆ ಏನು, ಅದು ಎಲ್ಲಿರುತ್ತೆ?

ಪುಣೆಯಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಷಯ ನೋಡಿ ನಿಮ್ಮಲ್ಲಿ ಸುಮಾರು ಜನ "ಫೈಲು, ಫೋಲ್ಡರು ಅಂತ ನಮಗೇ ಪಾಠಾನಾ?" ಅಂತೀರಿ. ನಿಜ, ನೀವು ದಿನವಿಡೀ ಸರ್ವರ್ ಜೊತೆ ಗುದ್ದಾಡೋರು. ಆದ್ರೆ ಊರಲ್ಲಿರೋ ಅಪ್ಪ-ಅಮ್ಮನಿಗೆ ಫೋನಲ್ಲಿ ಕಂಪ್ಯೂಟರ್ ಹೇಳಿಕೊಡೋರೂ ನೀವೇ ಅಲ್ವಾ? ಈ ವಿಡಿಯೋ ಅದಕ್ಕೆ. ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡ್ತೀನಿ.

ನಮ್ಮಪ್ಪ ತೀರ್ಥಹಳ್ಳಿ ಕಡೆ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ರಿಟೈರ್ ಆದಮೇಲೆ ನಾನು ಕೊಡಿಸಿದ ಲ್ಯಾಪ್‌ಟಾಪ್‌ನಲ್ಲಿ ನುಡಿ ಹಾಕಿಸಿಕೊಂಡು, ಒಂದೇ ಬೆರಳಲ್ಲಿ ಕುಟ್ಟುತ್ತಾ, ತಮ್ಮ ಶಾಲೆಯ ನೆನಪುಗಳನ್ನ ಬರೆಯೋಕೆ ಕೂತ್ರು. ಎರಡು ವರ್ಷಕ್ಕೆ 140 ಪುಟ ಆಯ್ತು. ಅಷ್ಟೊತ್ತಿಗೆ ಲ್ಯಾಪ್‌ಟಾಪ್ ನಿಧಾನ ಆಗಿತ್ತು. ಊರಿನ ಅಂಗಡೀಲಿ ವಿಂಡೋಸ್ ಹೊಸದಾಗಿ ಹಾಕಿಸೋಣ ಅಂದೆ. ಹಿಂದಿನ ರಾತ್ರಿ ಫೋನ್ ಮಾಡಿ, "ಅಪ್ಪ, ಸ್ಕ್ರೀನ್ ಮೇಲೆ ಕಾಣ್ತಿರೋದನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಳ್ಳಿ, ಸಾಕು" ಅಂದೆ. ಅವರು ಚಾಚೂ ತಪ್ಪದೆ ಅಷ್ಟನ್ನೂ ಮಾಡಿದ್ರು.

ಮೂರು ದಿನ ಬಿಟ್ಟು ಫೋನ್ ಬಂತು. "ನೆನಪು ಅನ್ನೋದು ತೆಗೆಯೋಕೆ ಹೋದ್ರೆ ಇಂಗ್ಲಿಷಲ್ಲಿ ಏನೋ ಬರುತ್ತೆ ಮಾರಾಯ, ತೆರೆಯೋದೇ ಇಲ್ಲ."

ವಿಡಿಯೋ ಕಾಲಲ್ಲಿ ಸ್ಕ್ರೀನ್ ತೋರಿಸಿ ಅಂದೆ. ಪೆನ್‌ಡ್ರೈವ್‌ನಲ್ಲಿ "ನೆನಪು" ಇತ್ತು. ಗಾತ್ರ 2 ಕೆಬಿ. ಐಕಾನ್ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ನನ್ನ ಎದೆ ಧಸಕ್ಕಂತು. ಅದು ಫೈಲ್ ಅಲ್ಲ, ಶಾರ್ಟ್‌ಕಟ್. ಅದನ್ನ ಅಲ್ಲಿ ಮಾಡಿಟ್ಟವನೂ ನಾನೇ, ಹಿಂದಿನ ದೀಪಾವಳಿಗೆ ಊರಿಗೆ ಹೋದಾಗ, ಅಪ್ಪನಿಗೆ ಸುಲಭ ಆಗ್ಲಿ ಅಂತ. ಅಸಲಿ ಫೈಲ್ ಡಾಕ್ಯುಮೆಂಟ್ಸ್ ಫೋಲ್ಡರಲ್ಲಿತ್ತು. ಅಂಗಡಿಯವರು ಡ್ರೈವ್ ಪೂರ್ತಿ ಅಳಿಸಿ ವಿಂಡೋಸ್ ಹಾಕಿದ್ರು. ನಾವು ಹೇಳಿದ್ದೂ ಅದನ್ನೇ.

ಶಾಲೆಯ ಆಫೀಸು ಮತ್ತು ಕಂಪ್ಯೂಟರ್

ಆಮೇಲೆ ರಜೆ ಹಾಕಿ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು, ಅವರಿಗೆ ಗೊತ್ತಿರೋ ಜಾಗದಿಂದಲೇ ಹೇಳಿದೆ. "ಅಪ್ಪ, ನಿಮ್ಮ ಶಾಲೆಯ ಆಫೀಸು ನೆನಪು ಮಾಡ್ಕೊಳ್ಳಿ. ಅಲ್ಲಿ ಒಂದು ಬೀರು, ಒಂದು ಮೇಜು, ಒಬ್ಬ ಗುಮಾಸ್ತ."

ಬೀರು ಅಂದ್ರೆ ಡಿಸ್ಕ್. ಕರೆಂಟ್ ಹೋದ್ರೂ ಅದರಲ್ಲಿರೋದು ಹಾಗೇ ಇರುತ್ತೆ. ಬೀರುವಿನ ಖಾನೆಗಳೇ ಫೋಲ್ಡರ್. ಮೇಜು ಅಂದ್ರೆ ರ್‍ಯಾಮ್. ಕೆಲಸ ನಡೆಯೋದು ಅಲ್ಲಿ, ಆದ್ರೆ ಕರೆಂಟ್ ಹೋದ ತಕ್ಷಣ ಮೇಜು ಖಾಲಿ. ಕಂಟ್ರೋಲ್ ಎಸ್ ಒತ್ತೋದು ಅಂದ್ರೆ ಮೇಜಿನ ಮೇಲೆ ಬರೆದದ್ದನ್ನ ಬೀರುವಿಗೆ ಸೇರಿಸು ಅಂತ ಹೇಳಿದ ಹಾಗೆ.

ಗುಮಾಸ್ತನೇ ಆಪರೇಟಿಂಗ್ ಸಿಸ್ಟಮ್, ಅಂದ್ರೆ ವಿಂಡೋಸ್. ಯಾವ ಕಾಗದ ಯಾವ ಖಾನೆಯಲ್ಲಿದೆ ಅಂತ ಅವನ ಹತ್ರ ಒಂದು ರಿಜಿಸ್ಟರ್ ಇರುತ್ತೆ. ವರ್ಡ್, ನುಡಿ ಇವೆಲ್ಲ ಬೀರುವಿಗೆ ನೇರವಾಗಿ ಕೈ ಹಾಕಲ್ಲ, ಗುಮಾಸ್ತನನ್ನ ಕೇಳ್ತವೆ. ಅದಕ್ಕೇ "ನನ್ನ ಬರಹ ವರ್ಡ್‌ನಲ್ಲಿದೆ" ಅನ್ನೋದು ತಪ್ಪು. ವರ್ಡ್ ಬರೀ ಪೆನ್ನು. ಬರಹ ಇರೋದು ಬೀರುವಿನಲ್ಲಿ.

ಶಾರ್ಟ್‌ಕಟ್ ಏನು? "ಕಾಗದ ಎರಡನೇ ಖಾನೆಯಲ್ಲಿದೆ" ಅಂತ ಬರೆದ ಚೀಟಿ. ನಾವು ಚೀಟಿಯನ್ನ ಜೋಪಾನವಾಗಿ ಜೇಬಲ್ಲಿಟ್ಟುಕೊಂಡು ಬೀರು ಖಾಲಿ ಮಾಡಿಸಿದ್ವಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೇನಾ? ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದ್ರು. ಉತ್ತರ ಕೊಡೋಕೆ ನನ್ನ ಹತ್ರ ಏನೂ ಇರಲಿಲ್ಲ.

ಅಳಿಸಿದ್ದು ವಾಪಸ್ ಬರುತ್ತಾ?

ಡಿಲೀಟ್ ಮಾಡಿದ್ದು ಮೊದಲು ರೀಸೈಕಲ್ ಬಿನ್‌ಗೆ ಹೋಗುತ್ತೆ, ಅಲ್ಲಿಂದ ವಾಪಸ್ ತರಬಹುದು. ಆದ್ರೆ ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಬಿನ್‌ಗೆ ಹೋಗಲ್ಲ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದ್ರೂ ಹೋಗಲ್ಲ.

ಬಿನ್ ಖಾಲಿಯಾದ ಮೇಲೂ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಆಸೆ ಇಟ್ಟುಕೊಳ್ಳಬಹುದು. ಗುಮಾಸ್ತ ರಿಜಿಸ್ಟರಲ್ಲಿ ಹೆಸರು ಹೊಡೆದುಹಾಕ್ತಾನೆ ಅಷ್ಟೇ, ಆ ಜಾಗಕ್ಕೆ ಬೇರೇದು ಬರೋ ತನಕ ಕಾಗದ ಅಲ್ಲೇ ಇರುತ್ತೆ. ಹಾಗಾಗಿ ಏನಾದ್ರೂ ಕಳೆದುಹೋದ್ರೆ ಮೊದಲ ಕೆಲಸ, ಆ ಕಂಪ್ಯೂಟರ್ ಬಳಸೋದನ್ನ ನಿಲ್ಲಿಸೋದು. ಎಸ್‌ಎಸ್‌ಡಿ ಹಾಗಲ್ಲ. ಯಾವ ಜಾಗ ಖಾಲಿಯಾಯ್ತು ಅಂತ ವಿಂಡೋಸ್ ಅದಕ್ಕೆ ಹೇಳುತ್ತೆ, ಅದು ತಾನೇ ಗುಡಿಸಿಬಿಡುತ್ತೆ. ಅಪ್ಪನದ್ದು ಎಸ್‌ಎಸ್‌ಡಿ. ಮೇಲೆ ಹೊಸ ವಿಂಡೋಸೂ ಕೂತಿತ್ತು. ಏನೂ ಸಿಗಲಿಲ್ಲ.

ಮನೆಯವರಿಗೆ ಹೇಳಿಕೊಡೋ ಐದು ಮಾತು

ಒಂದು, ಎಲ್ಲಕ್ಕೂ ಒಂದೇ ಮನೆ. ಡಾಕ್ಯುಮೆಂಟ್ಸ್ ಒಳಗೆ ಅವರ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ. ಅದರೊಳಗೆ ಬರಹ, ಬ್ಯಾಂಕ್, ಆಸ್ಪತ್ರೆ, ಜಮೀನು, ಫೋಟೋ. ಐದಾರು ಸಾಕು. ಡೌನ್‌ಲೋಡ್ಸ್ ಅನ್ನೋದು ಮನೆ ಜಗಲಿ ಇದ್ದ ಹಾಗೆ. ಬಂದದ್ದನ್ನ ಅಲ್ಲೇ ಬಿಡದೆ ಒಳಗೆ ತಗೊಂಡು ಹೋಗಿ ಇಡಬೇಕು.

ಎರಡು, ಹೆಸರಲ್ಲಿ ತಾರೀಖು. "ಸ್ಕ್ಯಾನ್ 3" ಅಂತ ಇಟ್ರೆ ಆರು ತಿಂಗಳಾದ ಮೇಲೆ ಯಾರಿಗೂ ಗೊತ್ತಾಗಲ್ಲ. "2024-05-12 ಪಹಣಿ" ಅಂತಿಡಿ. ವರ್ಷ ಮೊದಲಿದ್ರೆ ಫೈಲ್‌ಗಳು ತಾವೇ ಕಾಲಕ್ರಮದಲ್ಲಿ ನಿಲ್ತವೆ. ತಾರೀಖಿನ ನಡುವೆ ಓರೆಗೆರೆ ಹಾಕೋಕೆ ಹೋಗಬೇಡಿ, ವಿಂಡೋಸ್ ಒಪ್ಪಲ್ಲ.

ಮೂರು, ಗಾತ್ರ ನೋಡೋ ಅಭ್ಯಾಸ. ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಒತ್ತಿ ಡೀಟೇಲ್ಸ್ ಆರಿಸಿ. ಅದು ಯಾವ ಬಗೆಯ ಫೈಲ್, ಎಷ್ಟು ದೊಡ್ಡದು ಎರಡೂ ಕಾಣುತ್ತೆ. 140 ಪುಟ 2 ಕೆಬಿ ಇರೋಕೆ ಸಾಧ್ಯವೇ ಇಲ್ಲ.

ನಾಲ್ಕು, ಇನ್ನೊಂದು ಪ್ರತಿ ಇನ್ನೊಂದು ಜಾಗದಲ್ಲಿ. ಪೆನ್‌ಡ್ರೈವ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು. ಕಾಪಿ ಆದಮೇಲೆ ಬೇರೆ ಕಂಪ್ಯೂಟರಲ್ಲೋ ಮೊಬೈಲಲ್ಲೋ ತೆರೆದು ನೋಡಿ. ಅಲ್ಲಿ ತೆರೆದ್ರೆ ಮಾತ್ರ ಅದು ಪ್ರತಿ.

ಐದು, ಕನ್ನಡ ಯೂನಿಕೋಡ್‌ನಲ್ಲಿರಲಿ. ಇದು ಯಾಕೆ ಅಂತ ಹೇಳ್ತೀನಿ. ಅಪ್ಪ ಮೊದಲ 60 ಪುಟಗಳನ್ನ ಓದಿ ನೋಡು ಅಂತ ಮೈಸೂರಲ್ಲಿರೋ ನನ್ನ ತಂಗಿಗೆ ಯಾವಾಗಲೋ ಮೇಲ್ ಮಾಡಿದ್ರಂತೆ. ಅವಳು ತೆರೆದಾಗ ಬರೀ ಇಂಗ್ಲಿಷ್ ಅಕ್ಷರ, ಚಿತ್ರವಿಚಿತ್ರ ಚಿಹ್ನೆ. ಫೈಲ್ ಹಾಳಾಗಿದೆ ಅಂದ್ಕೊಂಡು ಬಿಟ್ಟಿದ್ಲು. ಹಾಳಾಗಿರಲಿಲ್ಲ. ಅಪ್ಪ ಟೈಪ್ ಮಾಡಿದ್ದು ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಕನ್ನಡ ಕಾಣಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದಾಗ 60 ಪುಟವೂ ಎದ್ದು ಬಂತು.

ಉಳಿದ 80 ಪುಟ ಹೋಯ್ತು. ಅಪ್ಪ ಒಂದು ತಿಂಗಳು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಆಮೇಲೆ ಒಂದು ದಿನ ತಾವೇ ಫೋನ್ ಮಾಡಿ, "61ನೇ ಪುಟದಿಂದ ಮತ್ತೆ ಶುರು ಮಾಡಿದೀನಿ. ಡಾಕ್ಯುಮೆಂಟ್ಸ್ ಒಳಗೆ, ಬರಹದ ಖಾನೆಯಲ್ಲಿ ಇಟ್ಟಿದೀನಿ. ಪೆನ್‌ಡ್ರೈವ್‌ನಲ್ಲೂ ಇದೆ, ಗಾತ್ರ ನೋಡಿದೆ" ಅಂದ್ರು.

ಈ ಭಾನುವಾರ ಮನೆಗೆ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳಿದ ಮೇಲೆ, ಇದನ್ನೂ ಕೇಳಿ: "ಅಪ್ಪ, ಅಮ್ಮ, ನಿಮ್ಮ ಫೈಲ್ ಯಾವ ಖಾನೆಯಲ್ಲಿದೆ?" ಅವರಿಗೆ ಗೊತ್ತಿಲ್ಲ ಅಂದ್ರೆ ಹತ್ತು ನಿಮಿಷ ಕೊಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ, ನಮಸ್ಕಾರ.