ಬೆಳೆಗಾರನಿಗೂ ಬೇಕು ಬಿಡುವಿನ ಒಂದು ಗಂಟೆ



ನಮ್ಮ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಧಾರಣೆ, ಗೊಬ್ಬರ, ಬೋರ್ಡೋ ದ್ರಾವಣ, ಕೊಳೆರೋಗ, ಸಾಲದ ಕಂತು ಇವುಗಳದೇ ಮಾತು. ಅದು ಇರಬೇಕಾದದ್ದೇ. ಆದರೆ ಸಂಘದ ಕಚೇರಿಗೆ ಬರುವ ಸದಸ್ಯರೊಡನೆ ಮಾತಿಗೆ ಕುಳಿತಾಗ ಈಚೆಗೆ ಒಂದು ಸಂಗತಿ ಪದೇ ಪದೇ ನಮ್ಮ ಕಿವಿಗೆ ಬೀಳುತ್ತಿದೆ. “ತೋಟದ ಕೆಲಸ ಹೆಂಗೋ ಆಗ್ತೈತೆ ಸಾರ್, ಸಂಜೆ ಹೊತ್ತು ಕಳೆಯೋದೇ ಕಷ್ಟ ಆಗೈತೆ” ಎಂದು ಹೊಳಲ್ಕೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಹೇಳಿದರು. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರೇ, ಎದುರಿಗೆ ಟಿ.ವಿ. ಕೂಗುತ್ತಿರುತ್ತದೆ, ಕೈಯಲ್ಲಿ ಮೊಬೈಲು. ಇದು ಅವರೊಬ್ಬರ ಮಾತಲ್ಲ. ಆದ್ದರಿಂದ ಈ ಸಲ ಧಾರಣೆಯ ಮಾತನ್ನು ಬದಿಗಿಟ್ಟು, ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತಿನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದುಕೊಂಡಿದ್ದೇವೆ.

“ರೈತನಿಗೆ ಪುರಸೊತ್ತು ಎಲ್ಲಿದೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕೊಯ್ಲು ಶುರುವಾಯಿತೆಂದರೆ ಗೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಕಣದಲ್ಲಿ ಒಣಗಿಸುವುದು ಎಂದು ತಿಂಗಳುಗಟ್ಟಲೆ ಊಟಕ್ಕೂ ಹೊತ್ತುಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ನಡುರಾತ್ರಿಯಲ್ಲೇ ಎದ್ದು ಮೋಟಾರು ಹಾಕಬೇಕು. ಮಲೆನಾಡಿನ ನಮ್ಮ ಕಾಫಿ ಬೆಳೆಗಾರ ಬಂಧುಗಳಿಗೂ ಹಣ್ಣಿನ ಕೊಯ್ಲಿನಲ್ಲಿ ಇದೇ ಪಾಡು. ಆದರೂ ವರ್ಷದ ಎಲ್ಲ ದಿನಗಳೂ ಹೀಗಿರುವುದಿಲ್ಲ. ಲೆಕ್ಕ ಹಾಕಿ ನೋಡಿದರೆ, ದಿನಕ್ಕೊಂದು ಗಂಟೆ ನಮ್ಮದೇ ಆಗಿ ಉಳಿಯುವ ದಿನಗಳು ಬೇಕಾದಷ್ಟಿವೆ. ಆ ಗಂಟೆ ಎಲ್ಲಿ ಹೋಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಸುಲಿಯುವ ರಾತ್ರಿಗಳು

ಹಿಂದೆ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಏಕೆಂದರೆ ಕೆಲಸ ಬೇರೆ, ಸಂತೋಷ ಬೇರೆ ಎಂದು ಇರಲಿಲ್ಲ. ಐವತ್ತು ದಾಟಿದ ಸದಸ್ಯರಿಗೆ ನೆನಪಿರುತ್ತದೆ. ಅಡಿಕೆ ಸುಲಿಯುವ ರಾತ್ರಿ ಮನೆಯ ಅಂಗಳದಲ್ಲಿ ಲಾಟೀನು ಹಚ್ಚಿ, ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಕುಳಿತರೆ ಹಾಡಿಲ್ಲದೆ ಡಬ್ಬ ತುಂಬುತ್ತಿರಲಿಲ್ಲ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುವರು. ಸೋಬಾನೆಯ ಪದ, ದೇವರ ಪದ, ನಡುವೆ ಯಾರಾದರೂ ಅತ್ತೆಯರನ್ನು ಅಣಕಿಸಿ ಕಟ್ಟಿದ ಪದ. ಬೆರಳು ನೋಯುವುದು, ಕಣ್ಣು ಎಳೆಯುವುದು ಎಲ್ಲವೂ ಇತ್ತು. ಅದನ್ನು ಮರೆತು ಆ ಕಾಲವೇ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಹಾಡಿತ್ತು.

ನಮ್ಮ ಜಿಲ್ಲೆ ಹಾಡಿಗೆ ಬಡವಾದದ್ದಲ್ಲ. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಪದಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದರು. ವಿದ್ವಾಂಸರಾದ ಕೃಷ್ಣಮೂರ್ತಿ ಹನೂರರು ಅವುಗಳನ್ನು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ತಾಯಿಗೆ ನಾಡೋಜ ಗೌರವ ನೀಡಿತು. ಆಕೆ ಈ ಪದಗಳನ್ನು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ದುಡಿಮೆಯ ನಡುವೆಯೇ.

ಈಗ ಸುಲಿಯುವ ಯಂತ್ರ ಬಂದಿದೆ. ಹತ್ತು ಜನ ರಾತ್ರಿಯಿಡೀ ಕೂತು ಮಾಡುತ್ತಿದ್ದ ಕೆಲಸವನ್ನು ಅದು ಬೇಗನೆ ಮುಗಿಸುತ್ತದೆ. ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಕೂಲಿಯಾಳು ಸಿಗದ ಈ ಕಾಲದಲ್ಲಿ ಅದೇ ನಮ್ಮನ್ನು ಉಳಿಸಿದೆ. ಆದರೆ ಯಂತ್ರದ ಸದ್ದಿನಲ್ಲಿ ಹಾಡಲು ಬರುವುದಿಲ್ಲ. ಉಳಿಸಿಕೊಟ್ಟ ಹೊತ್ತನ್ನು ಏನು ಮಾಡಬೇಕೆಂದು ಯಂತ್ರ ಹೇಳಿಕೊಡುವುದೂ ಇಲ್ಲ. ಅದನ್ನು ನಾವೇ ಕಲಿಯಬೇಕು.

ರೇಡಿಯೋ ಕಲಿಸಿದ್ದು

ನಮ್ಮ ಪೀಳಿಗೆಗೆ ಸಂಗೀತ ಬಂದದ್ದು ರೇಡಿಯೋದಿಂದ. 1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ನಮ್ಮ ಸೀಮೆಯ ಹಳ್ಳಿಗಳಿಗೂ ಹತ್ತಿರದಿಂದಲೇ ಕನ್ನಡ ದನಿ ಕೇಳತೊಡಗಿತು. ಆ ದಿನಗಳಲ್ಲಿ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಇಡೀ ಕೇರಿಗೆ ಒಂದು ಪೆಟ್ಟಿಗೆ ಇದ್ದರೆ ಹೆಚ್ಚು. ಕೃಷಿರಂಗ ಕೇಳಲು ಬಂದ ಗಂಡಸರು ಹಾಗೆಯೇ ಕೂತು ಪಿ. ಕಾಳಿಂಗರಾಯರ ಭಾವಗೀತೆ ಕೇಳಿ ಎದ್ದು ಹೋಗುತ್ತಿದ್ದರು. ಆಮೇಲೆ ಟೇಪ್ ರೆಕಾರ್ಡರ್ ಬಂತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂತು. ಕವಿತೆ ಓದದ ಮನೆಗಳಲ್ಲೂ ಕವಿತೆ ಕೇಳಿಸಿತು.

ಇಂದು ಚಿತ್ರದುರ್ಗದಲ್ಲೇ ಆಕಾಶವಾಣಿ ಕೇಂದ್ರವಿದೆ. ಮೊಬೈಲಿನಲ್ಲಂತೂ ಬೇಕಾದ ಹಾಡು ಬೇಕಾದಾಗ ಸಿಗುತ್ತದೆ. ಆದರೆ ಎಲ್ಲವೂ ಸಿಗುವಾಗ ಯಾವುದನ್ನೂ ಪೂರ್ತಿ ಕೇಳದಿರುವುದು ಅಭ್ಯಾಸವಾಗಿಬಿಡುತ್ತದೆ. ಒಂದು ಹಾಡು ಅರ್ಧ, ಇನ್ನೊಂದು ಕಾಲು, ಅಷ್ಟರಲ್ಲಿ ಯಾರೋ ಕಳಿಸಿದ ವಿಡಿಯೋ. ನಮ್ಮ ಸಲಹೆ ಇಷ್ಟೇ: ರಾತ್ರಿ ಊಟವಾದ ಮೇಲೆ ಒಂದೇ ಒಂದು ಹಳೆಯ ಚಿತ್ರದ ಹಾಡುಗಳನ್ನಾಗಲಿ, ಒಬ್ಬರೇ ಗಾಯಕರನ್ನಾಗಲಿ ಆರಿಸಿಕೊಳ್ಳಿ. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಮನೆಯವರೊಂದಿಗೆ ಕೂತು ಕೇಳಿ. ಹದಿನೆಂಟನೆಯ ವಯಸ್ಸಿನಲ್ಲಿ ಕೇಳಿದ ಹಾಡನ್ನು ಐವತ್ತೈದರಲ್ಲಿ ಕೇಳಿದರೆ, ಆಗ ಗಮನಿಸದ ಕೊಳಲೊಂದು ಈಗ ಕೇಳಿಸುತ್ತದೆ. ಹಾಡು ಅದೇ, ಕೇಳುವವರು ಮಾತ್ರ ಮಾಗಿದ್ದೇವೆ.

ನಮ್ಮ ಮಣ್ಣಿನ ಕಾದಂಬರಿಗಳು

ಓದುವ ವಿಷಯಕ್ಕೆ ಬಂದರೆ ನಾವು ದುರ್ಗದ ಸೀಮೆಯವರು ಭಾಗ್ಯವಂತರು. ತಳುಕಿನ ಮನೆತನದ ತ.ರಾ. ಸುಬ್ಬರಾಯರು, ನಮ್ಮೆಲ್ಲರ ತರಾಸು, 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದರು. ಆ ಊರು ಆಗ ನಮ್ಮ ಜಿಲ್ಲೆಗೇ ಸೇರಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾಗಿದ್ದ, ಕುವೆಂಪು ಅವರ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರು ಇದೇ ಮನೆತನದವರು. ತರಾಸು ಬರೆದ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಒಂದರ ಹಿಂದೊಂದು ಓದಿದವರಿಗೆ ಪಾಳೆಯಗಾರರ ಅರಮನೆಯ ಒಳಸಂಚುಗಳು ನಿನ್ನೆ ಮೊನ್ನೆ ನಡೆದಂತೆ ಕಾಣುತ್ತವೆ. 1779ರಲ್ಲಿ ದುರ್ಗವು ಹೈದರಾಲಿಯ ವಶವಾದ ಕಥೆಯನ್ನು ಹೇಳುವ ‘ದುರ್ಗಾಸ್ತಮಾನ’ ಅವರ ಕೊನೆಗಾಲದ ದೊಡ್ಡ ಕೃತಿ. 1984ರಲ್ಲಿ ಅವರು ತೀರಿಕೊಂಡರು. ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ, 1985ರಲ್ಲಿ.

‘ನಾಗರಹಾವು’ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ 1972ರ ಚಲನಚಿತ್ರವೇ ನೆನಪಾಗುತ್ತದೆ. ವಿಷ್ಣುವರ್ಧನರ ರಾಮಾಚಾರಿ, ಅಶ್ವತ್ಥರ ಚಾಮಯ್ಯ ಮೇಷ್ಟ್ರು, ಜಯಂತಿಯವರ ಓಬವ್ವ, ವಿಜಯಭಾಸ್ಕರರ ಸಂಗೀತ, ಅದಕ್ಕೆಲ್ಲ ಹಿನ್ನೆಲೆಯಾಗಿ ನಮ್ಮದೇ ಕೋಟೆ. ಆದರೆ ಪುಟ್ಟಣ್ಣ ಕಣಗಾಲರು ಆ ಚಿತ್ರವನ್ನು ತರಾಸು ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದರೆಂಬುದು ಎಷ್ಟು ಜನಕ್ಕೆ ಗೊತ್ತು? ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಈ ಮೂರನ್ನೂ ಓದಿ ಮತ್ತೆ ಚಿತ್ರ ನೋಡಿ. ಎಲ್ಲಿ ಹೊಲಿಗೆ ಹಾಕಿದ್ದಾರೆ, ಏನನ್ನು ಕೈಬಿಟ್ಟಿದ್ದಾರೆ ಎಂದು ಹುಡುಕುವುದೇ ಒಂದು ವಾರದ ಆನಂದ.

ಹಳೆಯ ಸಂಗೀತವೂ ಕಾದಂಬರಿಯೂ ಒಂದೇ ಕಡೆ ಬೇಕೆನ್ನುವವರಿಗೆ ‘ಹಂಸಗೀತೆ’ ಇದೆ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಈ ಕಾದಂಬರಿ ಎಲ್ಲೆಲ್ಲಿಗೆ ಹೋಯಿತು ನೋಡಿ! 1956ರಲ್ಲಿ ಇದನ್ನು ಆಧರಿಸಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಚಿತ್ರ ಬಂತು. ಅದರಲ್ಲಿ ಮನ್ನಾ ಡೇ ಅವರೊಂದಿಗೆ ಸ್ಪರ್ಧೆಯ ಹಾಡನ್ನು ಹಾಡಿದವರು ನಮ್ಮ ಗದಗಿನ ಪಂಡಿತ ಭೀಮಸೇನ ಜೋಶಿ. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನೇ ಕನ್ನಡದಲ್ಲಿ ತೆಗೆದರು. ಅದರ ಗಾಯನಕ್ಕೆ ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮೊದಲು ಕಾದಂಬರಿ ಓದಿ, ಆಮೇಲೆ ಎರಡೂ ಚಿತ್ರಗಳ ಹಾಡು ಕೇಳಿದರೆ, ಒಂದೇ ಕಥೆಯನ್ನು ಉತ್ತರಾದಿ ಒಂದು ರೀತಿ, ದಕ್ಷಿಣಾದಿ ಒಂದು ರೀತಿ ಹೇಳುವುದು ಮನಸ್ಸಿಗೆ ಬರುತ್ತದೆ. ಇದಕ್ಕೆ ಸಂಗೀತ ಶಾಸ್ತ್ರ ಓದಿರಬೇಕೆಂದೇನಿಲ್ಲ.

ದಪ್ಪ ಪುಸ್ತಕ ಕಂಡರೆ ಹೆದರಿಕೆಯಾಗುವವರಿಗೆ ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಇದೆ. ಮುಕುಂದೂರು ಸ್ವಾಮಿಗಳ ಬಗ್ಗೆ ನಮ್ಮ ಸೀಮೆಯ ಮಾತಿನಲ್ಲೇ ಬರೆದ ಚಿಕ್ಕ ಪುಸ್ತಕ. ಓದು ಬಿಟ್ಟು ಮೂವತ್ತು ವರ್ಷವಾದವರೂ ಅದನ್ನು ಎರಡು ಸಂಜೆಯಲ್ಲಿ ಮುಗಿಸಬಲ್ಲರು. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳಿಂದ ಓದಿಸಬಹುದು. ಹಿಂದೆ ಜಗಲಿಯ ಮೇಲೆ ಕುಮಾರವ್ಯಾಸ ಭಾರತ ಓದುತ್ತಿದ್ದಾಗ ಕೇಳುವವರಲ್ಲಿ ಅರ್ಧ ಜನಕ್ಕೆ ಅಕ್ಷರವೇ ಬರುತ್ತಿರಲಿಲ್ಲ. ಆದರೆ ಕರ್ಣನ ಕಥೆ ಎಲ್ಲರಿಗೂ ಬರುತ್ತಿತ್ತು.

ತೋಟದಲ್ಲೇ ಇರುವ ಹವ್ಯಾಸ

ಹವ್ಯಾಸವೆಂದರೆ ಹಣವಂತರ ಶೋಕಿ ಎಂಬ ಭಾವನೆ ಕೆಲವರಲ್ಲಿದೆ. ಮೂಡಿಗೆರೆಯ ಕಾಫಿ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯಿರಿ. ತೋಟ ಮಾಡಿಕೊಂಡೇ ಹಕ್ಕಿಗಳ ಛಾಯಾಚಿತ್ರ ತೆಗೆದರು, ಗಾಳ ಹಾಕಿ ಮೀನು ಹಿಡಿದರು, ಚಿತ್ರ ಬರೆದರು. ‘ಕರ್ವಾಲೊ’ದಂಥ ಕಾದಂಬರಿಗೆ ಬೇಕಾದ ಸಾಮಗ್ರಿ ಅವರಿಗೆ ಸಿಕ್ಕಿದ್ದು ಸುತ್ತಲಿನ ಕಾಡು ತೋಟಗಳಲ್ಲೇ. ನಮ್ಮ ಅಡಿಕೆ ತೋಟಕ್ಕೂ ಬೆಳಿಗ್ಗೆ ಹೊತ್ತು ಎಷ್ಟು ಬಗೆಯ ಹಕ್ಕಿ ಬರುತ್ತವೆ ಎಂದು ಒಂದು ಹಳೆಯ ಡೈರಿಯಲ್ಲಿ ಬರೆದಿಡಲು ಖರ್ಚೇನು? ಅದೇ ಡೈರಿಯಲ್ಲಿ ಮಳೆಯ ಲೆಕ್ಕವನ್ನೂ ಬರೆದರೆ ತೋಟಕ್ಕೂ ಉಪಯೋಗ.

ಹೊರಗೆ ಹೋಗುವವರಿಗೆ ದೂರವೇನೂ ಇಲ್ಲ. ದುರ್ಗದ ಏಳು ಸುತ್ತಿನ ಕೋಟೆಯನ್ನು ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿದ್ದೇ ಕೊನೆ ಎನ್ನುವವರು ನಮ್ಮ ಸದಸ್ಯರಲ್ಲೇ ಇದ್ದಾರೆ. ‘ದುರ್ಗಾಸ್ತಮಾನ’ ಓದಿ ಮುಗಿಸಿ ಮತ್ತೊಮ್ಮೆ ಹತ್ತಿ ನೋಡಿ, ಅಕ್ಕ-ತಂಗಿಯರ ಹೊಂಡದ ಮುಂದೆ ಸ್ವಲ್ಪ ಹೊತ್ತು ಕೂತು ಬನ್ನಿ. ಹಿರಿಯೂರಿನ ಹತ್ತಿರ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆಗ ಜನ ಜಾತ್ರೆಯಂತೆ ಸೇರಿದರು. ಕೋಡಿ ಬೀಳದ ವರ್ಷವೂ ಆ ಕಣಿವೆ ನೋಡತಕ್ಕದ್ದೇ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಆರಂಭಿಸಿದ ‘ಶಿವಸಂಚಾರ’ ತಂಡ ನಾಡಿನ ಊರೂರಿಗೆ ನಾಟಕ ಒಯ್ಯುತ್ತಿದೆ. ಅಲ್ಲಿನ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆಯುವಾಗ ಬೆಂಗಳೂರಿನವರು ಬಂದು ನೋಡುತ್ತಾರೆ, ಹತ್ತು ಮೈಲಿಯ ನಾವು ಟಿ.ವಿ. ಮುಂದೆ ಇರುತ್ತೇವೆ!

ಬರದ ವರ್ಷದ ಪಾಠ

ಇದೆಲ್ಲ ಹೊಟ್ಟೆ ತುಂಬಿದವರ ಮಾತು ಎನ್ನಬೇಡಿ. 2016ರಿಂದಾಚೆಗಿನ ಬರದ ವರ್ಷಗಳು ಯಾರಿಗೂ ಮರೆತಿಲ್ಲ. ಸಾವಿರ ಅಡಿಗೂ ನೀರಿಲ್ಲದೆ, ಟ್ಯಾಂಕರಿನಲ್ಲಿ ನೀರು ಹೊಡೆಸಿ, ಕೊನೆಗೆ ಅದೂ ಸಾಲದೆ ಸಾಲುಸಾಲು ಮರಗಳ ಸುಳಿ ಒಣಗಿದ್ದನ್ನು ಹೊಸದುರ್ಗ, ಹೊಳಲ್ಕೆರೆಗಳ ನಾವು ಕಂಡಿದ್ದೇವೆ. ಆ ದಿನಗಳಲ್ಲಿ ನಮ್ಮ ಸದಸ್ಯರೊಬ್ಬರು, ಮೂರು ಎಕರೆಯಲ್ಲಿ ಎರಡು ಎಕರೆ ಕಳೆದುಕೊಂಡವರು, ಅಟ್ಟದ ಮೇಲಿದ್ದ ತಂದೆಯ ಕಾಲದ ಹಾರ್ಮೋನಿಯಂ ಇಳಿಸಿದರು. ತಂದೆ ಊರಿನ ‘ಕುರುಕ್ಷೇತ್ರ’ ನಾಟಕಕ್ಕೆ ಮೇಷ್ಟ್ರಾಗಿದ್ದವರು. ಮಗ ಸಂಜೆ ಕೂತು ಹಳೆಯ ರಂಗಗೀತೆಗಳನ್ನು ನುಡಿಸತೊಡಗಿದರು. ಅಕ್ಕಪಕ್ಕದವರು ಬಂದು ಕೂತರು. “ಹಾಡಿಂದ ಬೋರಿಗೆ ನೀರು ಬರಲಿಲ್ಲ ಸಾರ್. ಆದ್ರೆ ಆ ಹೊತ್ತಲ್ಲಿ ಒಬ್ಬನೇ ಕೂತಿದ್ದಿದ್ರೆ ಏನು ಮಾಡ್ಕೊಂತಿದ್ನೋ ಗೊತ್ತಿಲ್ಲ” ಎಂದು ಅವರು ಆಮೇಲೆ ನಮ್ಮೊಂದಿಗೆ ಹೇಳಿದರು. ಈಗ ಆ ಎರಡು ಎಕರೆಗೆ ಮತ್ತೆ ಸಸಿ ಹಾಕಿದ್ದಾರೆ. ಹಾರ್ಮೋನಿಯಂ ಅಟ್ಟಕ್ಕೆ ಹೋಗಿಲ್ಲ.

ಖಾಲಿ ಹೊತ್ತು ಖಾಲಿಯಾಗಿ ಉಳಿಯುವುದಿಲ್ಲ. ನಾವು ತುಂಬದಿದ್ದರೆ ಇಸ್ಪೀಟು ತುಂಬುತ್ತದೆ, ಬಾಟಲಿ ತುಂಬುತ್ತದೆ, ಹುಡುಗರ ಮೊಬೈಲಿನಲ್ಲಿ ಕ್ರಿಕೆಟ್ ಬಾಜಿ ತುಂಬುತ್ತದೆ. ಅಡಿಕೆ ಮಾರಿದ ದುಡ್ಡು ಒಂದು ವಾರದಲ್ಲಿ ಬಾಜಿಗೆ ಹೋದ ಮನೆಗಳನ್ನು ನಾವು ಬಲ್ಲೆವು.

ಇನ್ನೊಂದು ಮಾತು ಹೇಳಲೇಬೇಕು. ಬಿಡುವು ಎಂದಾಗ ನಾವು ಗಂಡಸರು ನಮ್ಮದನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಕೊಯ್ಲಿನ ಆಳುಗಳಿಗೆ ಅಡಿಗೆ, ಮನೆಯವರಿಗೆ ಅಡಿಗೆ, ದನ, ಕಣ ಎಲ್ಲವನ್ನೂ ನೋಡುವ ಮನೆಯಾಕೆಗೆ ಆ ಒಂದು ಗಂಟೆ ಯಾವಾಗ? ಒಂದು ಕಾಲದಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ಒಲೆಯ ಮುಂದೆ ಕೂತೇ ಓದಿ ಮುಗಿಸಿದ ತಾಯಂದಿರು ನಮ್ಮ ಮನೆಗಳಲ್ಲಿದ್ದರು. ಸಂಜೆಯ ಕಾಫಿಯನ್ನು ನಾವೇ ಕಾಸಿಕೊಂಡರೆ ಕಾಲು ಗಂಟೆ ಅಲ್ಲಿಯೇ ಸಿಕ್ಕಿತು.

ಸಂಘದ ಕಪಾಟು

ಮಾತಿಗೆ ತಕ್ಕ ಕೆಲಸವೂ ಇರಬೇಕು. ಸಂಘದ ಕಚೇರಿಯಲ್ಲಿ ಹಳೆಯ ಲೆಡ್ಜರುಗಳಿದ್ದ ಗಾಜಿನ ಕಪಾಟೊಂದನ್ನು ತೆರವು ಮಾಡಿಸಿದ್ದೇವೆ. ಮನೆಯ ಟ್ರಂಕಿನಲ್ಲಿ, ಅಟ್ಟದಲ್ಲಿ ಇರುವ ಕಾದಂಬರಿಗಳನ್ನು, ‘ಕಸ್ತೂರಿ’, ‘ಸುಧಾ’, ‘ಮಯೂರ’ಗಳ ಹಳೆಯ ಸಂಚಿಕೆಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಇಲ್ಲಿಗೆ ತನ್ನಿ. ಅಡಿಕೆ ತೂಕಕ್ಕೆ ಬಂದ ದಿನ ಒಂದು ಪುಸ್ತಕ ಒಯ್ಯಿರಿ, ಮುಂದಿನ ಸಲ ತಂದುಕೊಡಿ. ರಿಜಿಸ್ಟರಿನಲ್ಲಿ ಒಂದು ಸಹಿ, ಅಷ್ಟೇ, ಠೇವಣಿಯಿಲ್ಲ, ಬಡ್ಡಿಯಿಲ್ಲ. ಊರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಹತ್ತಿರವಿದ್ದವರು ಅಲ್ಲಿಯೇ ಹೋಗಲಿ. ಓದುವವರಿಲ್ಲದೆ ಅಲ್ಲಿಯ ಪುಸ್ತಕಗಳಿಗೂ ಧೂಳು ಹಿಡಿಯದಿರಲಿ.

ಕಪಾಟಿನಲ್ಲಿ ಸದ್ಯಕ್ಕೆ ಹನ್ನೊಂದು ಪುಸ್ತಕಗಳಿವೆ. ಕೊಯ್ಲು ಮುಗಿಯುವ ಹೊತ್ತಿಗೆ ಅದು ತುಂಬಬೇಕು, ಓದುವ ಬೇಸಿಗೆಯಲ್ಲಿ ಮತ್ತೆ ಖಾಲಿಯಾಗಬೇಕು ಎಂಬುದು ನಮ್ಮ ಆಸೆ.