‘ಹಸಿ’ ಮತ್ತು ‘ರಾ’: ಗುಣವಾಚಕವೊಂದರ ಹಲವು ಅರ್ಥಗಳು

ನಾಮಪದದ ಗುಣವನ್ನು ತಿಳಿಸುವ ಪದವೇ ಗುಣವಾಚಕ. ಒಂದೇ ಪದವು ತಮ್ಮೊಳಗೆ ನಂಟುಳ್ಳ ಹಲವು ಅರ್ಥಗಳನ್ನು ತಾಳುವುದಕ್ಕೆ ಅನೇಕಾರ್ಥತೆ ಎಂದು ಹೆಸರು. ಇಂಗ್ಲಿಷಿನ ‘ರಾ’ ಎಂಬ ಗುಣವಾಚಕ ಇಂಥದ್ದು. ಅದಕ್ಕೆ ಕನ್ನಡದಲ್ಲಿ ಅತಿ ಹತ್ತಿರವಾದ ‘ಹಸಿ’ಯ ಅರ್ಥವೈವಿಧ್ಯವನ್ನು ದಾವಣಗೆರೆ ಜಿಲ್ಲೆಯ ಬೇಸಾಯದ ಮಾತು ಸ್ಪಷ್ಟವಾಗಿ ತೋರಿಸುತ್ತದೆ.

ಅಡಿಕೆಗೆ ಹೆಸರಾದ ಚನ್ನಗಿರಿಯಲ್ಲಿ ಕೊನೆಯಿಂದ ಇಳಿಸಿದ ಕಾಯಿಯನ್ನು ಸುಲಿದು, ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸಿದ ಮೇಲಷ್ಟೇ ರಾಶಿ ಅಡಿಕೆ ಸಿದ್ಧವಾಗುತ್ತದೆ. ಚೊಗರು ಎಂದರೆ ಹಿಂದೆ ಅಡಿಕೆ ಬೇಯಿಸಿದಾಗ ಉಳಿದ ಗಟ್ಟಿಯಾದ ಕೆಂಪು ರಸ. ಈ ಹಂತಗಳನ್ನು ದಾಟದ ಅಡಿಕೆಯೇ ‘ಹಸಿ ಅಡಿಕೆ’ಯಾದ್ದರಿಂದ, ಬೇಯದ್ದು, ಒಣಗದ್ದು ಎಂಬ ಎರಡು ಅರ್ಥಗಳೂ ಇಲ್ಲಿ ಒಟ್ಟಿಗಿವೆ, ‘ಹಣ್ಣಡಿಕೆ’ಯ ಎದುರಿಗಿಟ್ಟಾಗ ಮಾಗದ್ದು ಎಂಬ ಅರ್ಥವೂ ಸೇರುತ್ತದೆ. ಹೊನ್ನಾಳಿ, ನ್ಯಾಮತಿಯ ಗದ್ದೆಗಳಲ್ಲಿ ಆಗತಾನೆ ಕೊಯ್ದ ಭತ್ತ ಹಸಿಯಾಗಿದೆ ಎಂದರೆ ಒಳಗಿನ ನೀರು ಇನ್ನೂ ಆರಿಲ್ಲವೆಂದಷ್ಟೇ ಅರ್ಥ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17ನ್ನೂ ಮೆಕ್ಕೆಜೋಳದ ತೇವಾಂಶ ಶೇ 14ನ್ನೂ ಮೀರಬಾರದೆಂಬ ನಿಯಮವು ಈ ಗುಣಕ್ಕೆ ಅಳತೆಯ ಗೆರೆಯನ್ನೇ ಎಳೆದಿದೆ. ಮಳೆಯನ್ನೇ ನೆಚ್ಚಿದ ಜಗಳೂರಿನ ಹೊಲಗಳಲ್ಲಿ ಅದೇ ಪದ ನಾಮಪದವಾಗಿ, ಬಿತ್ತನೆಗೆ ಬೇಕಾದ ನೆಲದ ತೇವವನ್ನೇ ಹೇಳುತ್ತದೆ.

ಇಷ್ಟೊಂದು ಅರ್ಥಗಳಲ್ಲಿ ಯಾವುದು ಸಲ್ಲುತ್ತದೆಂಬುದನ್ನು ವಿರುದ್ಧಪದ ತಿಳಿಸುತ್ತದೆ. ಹಸಿ ಹಾಲಿಗೆ ಕಾಯಿಸಿದ ಹಾಲು, ಹಸಿ ಹುಲ್ಲಿಗೆ ಒಣಹುಲ್ಲು, ಹಸಿ ಇಟ್ಟಿಗೆಗೆ ಸುಟ್ಟ ಇಟ್ಟಿಗೆ, ಹಸಿ ಗಾಯಕ್ಕೆ ಮಾಯ್ದ ಗಾಯ ಎದುರಾಗುತ್ತವೆ. ಬೆಂಕಿ, ಬಿಸಿಲು ಅಥವಾ ಕಾಲ ಮಾಡಬೇಕಾದ ಮಾರ್ಪಾಟು ಇನ್ನೂ ಆಗಿಲ್ಲವೆಂಬುದೇ ಇವೆಲ್ಲವನ್ನೂ ಕಟ್ಟುವ ಮೂಲ ಅರ್ಥ. ಹೆರಿಗೆಯಾಗಿ ಹೆಚ್ಚು ದಿನವಾಗದ ತಾಯಿಯನ್ನು ‘ಹಸಿ ಬಾಣಂತಿ’ ಎನ್ನುವಲ್ಲಿಯೂ ಮೈ ಇನ್ನೂ ಗಟ್ಟಿಗೊಂಡಿಲ್ಲವೆಂಬ ಕಾಳಜಿ ಅಡಗಿದೆ. ‘ಹಸಿರು’, ‘ಹಸುಳೆ’ ಎಂಬ ಪದಗಳೂ ಇದೇ ಮೂಲದವು. ಹಳಗನ್ನಡದ ‘ಪಸಿ’ಯ ಪಕಾರ ಹಕಾರವಾಗಿ ಇಂದಿನ ರೂಪ ಬಂದಿದೆ.

ಇಂಗ್ಲಿಷಿನ ‘ರಾ’ ಕೂಡ ಬೇಯದ್ದು ಎಂಬಲ್ಲಿಂದ ಹೊರಟು ಹಸಿ ಗಾಯದವರೆಗೆ ಕನ್ನಡದ ಜೊತೆಗೇ ನಡೆಯುತ್ತದೆ. ಮುಂದೆ ದಾರಿ ಕವಲೊಡೆಯುತ್ತದೆ. ‘ರಾ ಮೆಟೀರಿಯಲ್’ ನಮ್ಮಲ್ಲಿ ‘ಕಚ್ಚಾ ವಸ್ತು’ವಾಗುತ್ತದೆ, ‘ರಾ ರಿಕ್ರೂಟ್’ ಪಳಗದ ಹೊಸಬನಾಗುತ್ತಾನೆ, ‘ರಾ ಡೀಲ್’ ಎಂದರೆ ಅನ್ಯಾಯದ ನಡವಳಿಕೆ. ಇವುಗಳಲ್ಲಿ ‘ಹಸಿ’ ಸಲ್ಲದು. ಹಾಗೆಯೇ ಕನ್ನಡದ ‘ಹಸಿ ಸುಳ್ಳು’ ಇಂಗ್ಲಿಷಿನ ‘ರಾ’ಗೆ ಒಗ್ಗುವುದಿಲ್ಲ.

ಆದ್ದರಿಂದ ಗುಣವಾಚಕವನ್ನು ಕಲಿಯುವವರೂ ಅನುವಾದಿಸುವವರೂ ಒಂದು ಪದಕ್ಕೆ ಒಂದೇ ಸಮಾನಪದವನ್ನು ಬಾಯಿಪಾಠ ಮಾಡುವುದಕ್ಕಿಂತ, ಅದು ಯಾವ ನಾಮಪದದ ಜೊತೆ ಬಂದಿದೆ, ಅಲ್ಲಿ ಅದರ ವಿರುದ್ಧಪದ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು; ನಿಘಂಟುಗಳೂ ರೈತರ, ಕುಂಬಾರರ, ಬಾಣಂತಿಯರನ್ನು ನೋಡಿಕೊಳ್ಳುವವರ ಬಳಕೆಯನ್ನು ಇದೇ ಕ್ರಮದಲ್ಲಿ ದಾಖಲಿಸಬೇಕು.