3ಡಿ ಪ್ರಿಂಟರ್‌ನಿಂದ ಕಟ್ಟಿದ ಮನೆ ಪರಿಸರಕ್ಕೆ ಒಳ್ಳೆಯದೇ?

"ಒಂದೇ ದಿನದಲ್ಲಿ ಮನೆ ರೆಡಿ! ಇಟ್ಟಿಗೆ ಬೇಡ, ಮೇಸ್ತ್ರಿ ಬೇಡ, ವೇಸ್ಟ್ ಇಲ್ಲ, ಪರಿಸರಕ್ಕೂ ಹಾನಿಯಿಲ್ಲ." ಇಂಥ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ದೊಡ್ಡದೊಂದು ಯಂತ್ರ ನಲ್ಲಿಯಂಥ ಬಾಯಿಯಿಂದ ಕಾಂಕ್ರೀಟನ್ನು ಪದರ ಪದರವಾಗಿ ಸುರಿಯುತ್ತದೆ, ನೋಡನೋಡುತ್ತಿದ್ದಂತೆ ಗೋಡೆ ಏಳುತ್ತದೆ. ನೋಡಲು ಚೆಂದ. ಆದರೆ ಅದರ ಜೊತೆಗೆ ಬರುವ ಮಾತುಗಳಲ್ಲಿ ಎಷ್ಟು ನಿಜ?

ಆರ್ಕಿಟೆಕ್ಚರ್ ಓದುತ್ತಿರುವವರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿರುವ ತನ್ನೂರಿಗೆ ಒಂದು ಅಂಗನವಾಡಿಯ ವಿನ್ಯಾಸ ಮಾಡುವುದು ಅವಳ ಪ್ರಾಜೆಕ್ಟು. ಬೇಸಿಗೆಯಲ್ಲಿ ಒಳಗೆ ತಂಪಾಗಿರಬೇಕು, ಖರ್ಚು ಕಡಿಮೆಯಿರಬೇಕು, ಪರಿಸರಕ್ಕೆ ಹೊರೆಯಾಗಬಾರದು. "3ಡಿ ಪ್ರಿಂಟ್ ಮಾಡುತ್ತೇನೆ" ಎಂದು ಬರೆದರೆ ಈ ಮೂರೂ ಆದಂತೆಯೇ? ಅವಳ ಜೊತೆ ನಾವೂ ಲೆಕ್ಕ ಹಾಕಿ ನೋಡೋಣ.

ಡಿಜಿಟಲ್ ಫ್ಯಾಬ್ರಿಕೇಶನ್ ಎಂದರೇನು?

ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನೇ ಯಂತ್ರ ನೇರವಾಗಿ ಓದಿಕೊಂಡು ವಸ್ತುವನ್ನು ತಯಾರಿಸುವುದಕ್ಕೆ ಡಿಜಿಟಲ್ ಫ್ಯಾಬ್ರಿಕೇಶನ್ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಇರುವುದರಿಂದ ಕತ್ತರಿಸಿ ತೆಗೆಯುವುದು. ಲೇಸರ್ ಕಟರ್ ಮತ್ತು ಸಿಎನ್‌ಸಿ ಯಂತ್ರಗಳು ಪ್ಲೈವುಡ್ ಅಥವಾ ತಗಡಿನ ಹಾಳೆಯಿಂದ ಬೇಕಾದ ತುಂಡುಗಳನ್ನು ಕತ್ತರಿಸುತ್ತವೆ. ಒಳ್ಳೆಯ ಟೈಲರ್ ಬಟ್ಟೆಯ ಮೇಲೆ ತೋಳು, ಕಾಲರ್, ಬೆನ್ನು ಎಲ್ಲವನ್ನೂ ಹೊಂದಿಸಿ ಗುರುತು ಹಾಕಿಕೊಳ್ಳುವ ಹಾಗೆ, ಕಂಪ್ಯೂಟರು ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಚೂರುಪಾರು ಕಡಿಮೆ ಉಳಿಯುವಂತೆ ನೋಡಿಕೊಳ್ಳುತ್ತದೆ. ಇನ್ನೊಂದು, ಬೇಕಾದ ಕಡೆ ಮಾತ್ರ ವಸ್ತುವನ್ನು ಸೇರಿಸುತ್ತಾ ಹೋಗುವುದು. 3ಡಿ ಪ್ರಿಂಟಿಂಗ್ ಈ ಗುಂಪಿಗೆ ಸೇರಿದ್ದು.

'24 ಗಂಟೆ' ಎಲ್ಲಿಂದ ಬಂತು?

ರಷ್ಯಾದ ಸ್ಟುಪಿನೊ ಎಂಬಲ್ಲಿ ಆಪಿಸ್ ಕೋರ್ ಎಂಬ ಕಂಪನಿ 38 ಚದರ ಮೀಟರಿನ ಪುಟ್ಟ ಮನೆಯೊಂದನ್ನು ಪ್ರಿಂಟ್ ಮಾಡಿತು. ಯಂತ್ರ ಓಡಿದ್ದು ಸುಮಾರು 24 ಗಂಟೆ. ಸುದ್ದಿ ಜಗತ್ತನ್ನೆಲ್ಲ ಸುತ್ತಿ ಬರುವಷ್ಟರಲ್ಲಿ "24 ಗಂಟೆ ಪ್ರಿಂಟಿಂಗ್" ಎನ್ನುವುದು "24 ಗಂಟೆಯಲ್ಲಿ ಮನೆ" ಎಂದಾಯಿತು. ಆದರೆ ಯಂತ್ರ ಎಬ್ಬಿಸುವುದು ಮುಖ್ಯವಾಗಿ ಗೋಡೆಗಳನ್ನು. ಪಾಯ, ಛಾವಣಿ, ಕಿಟಕಿ, ಬಾಗಿಲು, ವೈರಿಂಗ್, ನೀರಿನ ಪೈಪು, ಬಣ್ಣ ಇವೆಲ್ಲ ಬೇರೆಯೇ ಕೆಲಸ, ಅವಕ್ಕೆ ಬೇರೆಯೇ ಸಮಯ.

ನಮ್ಮಲ್ಲೇ ಒಂದು ಉದಾಹರಣೆಯಿದೆ. ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರ ಆಗಸ್ಟ್ 18ರಂದು ದೇಶದ ಮೊದಲ 3ಡಿ ಪ್ರಿಂಟೆಡ್ ಅಂಚೆ ಕಚೇರಿ ಉದ್ಘಾಟನೆಯಾಯಿತು. ವಿಸ್ತೀರ್ಣ 1,021 ಚದರ ಅಡಿ. ಕಟ್ಟಿದ್ದು ಎಲ್ ಅಂಡ್ ಟಿ, ತಾಂತ್ರಿಕ ಮಾರ್ಗದರ್ಶನ ಐಐಟಿ ಮದ್ರಾಸಿನದು. ಕೆಲಸ ಮುಗಿಯಲು ಹಿಡಿದದ್ದು 43 ದಿನ. ಸಾಮಾನ್ಯ ವಿಧಾನದಲ್ಲಾದರೆ 6ರಿಂದ 8 ತಿಂಗಳು ಬೇಕಾಗುತ್ತಿತ್ತು ಎಂದು ಅಧಿಕಾರಿಗಳು ಹೇಳಿದ್ದರು. 24 ಗಂಟೆಯಲ್ಲದಿದ್ದರೂ ಇದು ದೊಡ್ಡ ಉಳಿತಾಯವೇ. ವೇಗದ ವಿಷಯದಲ್ಲಿ ಯಂತ್ರಕ್ಕೆ ಮಾರ್ಕು ಕೊಡಲೇಬೇಕು. ಆದರೆ ಬೇಗ ಕಟ್ಟುವುದು ಬೇರೆ, ಪರಿಸರಕ್ಕೆ ಒಳ್ಳೆಯದಾಗುವುದು ಬೇರೆ.

ಚಕ್ಕುಲಿ ಹಿಟ್ಟಿನ ಹದ ಮತ್ತು ಸಿಮೆಂಟು

ಚಕ್ಕುಲಿ ಒತ್ತುವವರಿಗೆ ಹಿಟ್ಟಿನ ಹದ ಗೊತ್ತು. ಗಟ್ಟಿಯಾದರೆ ಒರಳಿನಿಂದ ಇಳಿಯುವುದಿಲ್ಲ, ತೆಳುವಾದರೆ ಸುತ್ತು ನಿಲ್ಲುವುದಿಲ್ಲ. ಹಿಟ್ಟಿನಲ್ಲಿ ಒಂದು ಇಡೀ ಕಡಲೆಕಾಳು ಸೇರಿಕೊಂಡರೆ ಅಚ್ಚಿನ ತೂತು ಕಟ್ಟಿಕೊಳ್ಳುತ್ತದೆ. ಪ್ರಿಂಟರಿನ ಕಾಂಕ್ರೀಟಿಗೂ ಇದೇ ಕಷ್ಟ. ಪೈಪಿನೊಳಗೆ ಸಲೀಸಾಗಿ ಹರಿಯಬೇಕು, ಹೊರಗೆ ಬಿದ್ದ ಕೂಡಲೇ ಮೇಲಿನ ಪದರದ ಭಾರ ಹೊರುವಷ್ಟು ಗಟ್ಟಿಯಾಗಿ ನಿಲ್ಲಬೇಕು. ಆದ್ದರಿಂದ ನಾವು ಮನೆ ಕಟ್ಟುವಾಗ ಹಾಕುವಂಥ ಮುಕ್ಕಾಲು ಇಂಚಿನ ಜಲ್ಲಿಯನ್ನು ಇದಕ್ಕೆ ಸಾಮಾನ್ಯವಾಗಿ ಹಾಕುವುದಿಲ್ಲ.

ಜಲ್ಲಿ ತೆಗೆದರೆ ಆ ಜಾಗವನ್ನು ತುಂಬುವುದು ಮರಳು ಮತ್ತು ಸಿಮೆಂಟು. ಸಾಮಾನ್ಯ ಕಾಂಕ್ರೀಟಿನಲ್ಲಿ ಒಂದು ಘನ ಮೀಟರಿಗೆ ಸುಮಾರು 300ರಿಂದ 350 ಕೆಜಿ ಸಿಮೆಂಟು ಇರುತ್ತದೆ. ಪ್ರಿಂಟ್ ಮಾಡುವ ಮಿಶ್ರಣಗಳಲ್ಲಿ ಸಿಮೆಂಟು, ಹಾರುಬೂದಿ ಮುಂತಾದ ಅಂಟು ಪುಡಿಗಳ ಒಟ್ಟು ಪ್ರಮಾಣ 500 ಕೆಜಿ ದಾಟುವುದು ಸಾಮಾನ್ಯ.

ಸಿಮೆಂಟು ಹೆಚ್ಚಾದರೆ ಏನಾಗುತ್ತದೆ? ಸಿಮೆಂಟು ತಯಾರಿಸಲು ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೂಡಿನಲ್ಲಿ ಸುಡಬೇಕು. ಆಗ ಇಂಧನ ಉರಿಯುವುದರಿಂದ ಬರುವ ಹೊಗೆಯಲ್ಲದೆ, ಕಲ್ಲಿನ ಒಳಗಿದ್ದ ಇಂಗಾಲದ ಡೈಆಕ್ಸೈಡ್ ಕೂಡ ಹೊರಬರುತ್ತದೆ. ಶುದ್ಧವಾದ ಒಂದು ಟನ್ ಸುಣ್ಣದ ಕಲ್ಲನ್ನು ಪೂರ್ತಿ ಸುಟ್ಟರೆ 440 ಕೆಜಿಯಷ್ಟು ಅನಿಲ ಗಾಳಿಗೆ ಸೇರುತ್ತದೆ. ಗೂಡಿಗೆ ಸೌರಶಕ್ತಿಯನ್ನೇ ಕೊಟ್ಟರೂ ಈ ಭಾಗ ತಪ್ಪುವುದಿಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ. 7ರಿಂದ 8. ಪ್ರಿಂಟ್ ಮಾಡಿದ ಗೋಡೆ ಒಳಗೆ ಟೊಳ್ಳಾಗಿರುವುದರಿಂದ ಸ್ವಲ್ಪ ಉಳಿತಾಯವಾಗುತ್ತದೆ, ನಿಜ. ಆದರೆ ಪ್ರತಿ ಘನ ಮೀಟರಿನಲ್ಲಿ ಹೆಚ್ಚಾದ ಸಿಮೆಂಟು ಆ ಉಳಿತಾಯವನ್ನು ತಿಂದುಹಾಕಬಹುದು. ಲೆಕ್ಕ ಹಾಕದೆ "ಪರಿಸರಸ್ನೇಹಿ" ಎಂಬ ಬೋರ್ಡು ಹಾಕುವಂತಿಲ್ಲ.

ಸೆಂಟ್ರಿಂಗ್ ಉಳಿಯುತ್ತದೆಯೇ?

ಪ್ರಿಂಟಿಂಗಿನ ಪರವಾಗಿ ಹೇಳುವ ಇನ್ನೊಂದು ಮಾತು: "ಸೆಂಟ್ರಿಂಗ್ ಹಲಗೆಗಳು ಬೇಡ, ಆದ್ದರಿಂದ ಮರದ ಉಳಿತಾಯ." ಹಲಗೆಗಳ ನಡುವೆ ಕಾಂಕ್ರೀಟ್ ಸುರಿದು ಗೋಡೆ ಮಾಡುವ ಕಡೆ ಇದು ಸರಿ. ಆದರೆ ನಮ್ಮೂರುಗಳ ಮನೆಗಳಲ್ಲಿ ಗೋಡೆಗೆ ಬಳಸುವುದು ಇಟ್ಟಿಗೆ, ಕಲ್ಲು ಅಥವಾ ಸಿಮೆಂಟ್ ಬ್ಲಾಕು. ಅವಕ್ಕೆ ಮೊದಲೇ ಸೆಂಟ್ರಿಂಗ್ ಇಲ್ಲ! ನಮ್ಮಲ್ಲಿ ಸೆಂಟ್ರಿಂಗ್ ಬೇಕಾಗುವುದು ಪಿಲ್ಲರು, ಬೀಮು ಮತ್ತು ತಾರಸಿಗೆ. ಹಾಗಾಗಿ ನಮ್ಮ ವಿದ್ಯಾರ್ಥಿನಿ ಬೇರೆ ದೇಶದ ಉಳಿತಾಯದ ಅಂಕಿಯನ್ನು ತನ್ನ ಅಂಗನವಾಡಿಗೆ ಹಾಗೆಯೇ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಕಂಪ್ಯೂಟರು ನಿಜವಾಗಿ ಗೆಲ್ಲುವ ಜಾಗ

ಪಾತ್ರೆ ತೊಳೆಯುವ ಸ್ಪಂಜನ್ನು ಎರಡು ಲೋಟಗಳ ಮೇಲೆ ಸೇತುವೆಯಂತೆ ಇಟ್ಟು ನಡುವೆ ಬೆರಳಿನಿಂದ ಒತ್ತಿ. ಮೇಲಿನ ಭಾಗ ಕುಗ್ಗುತ್ತದೆ, ಕೆಳಗಿನ ಭಾಗ ಹಿಗ್ಗುತ್ತದೆ. ತಾರಸಿಯ ಸ್ಲ್ಯಾಬಿನಲ್ಲೂ ಹೀಗೆಯೇ. ಕಾಂಕ್ರೀಟಿಗೆ ಕುಗ್ಗಿಸುವ ಬಲವನ್ನು ತಡೆಯುವ ಶಕ್ತಿ ಚೆನ್ನಾಗಿದೆ, ಎಳೆಯುವ ಬಲವನ್ನು ತಡೆಯುವ ಶಕ್ತಿ ತೀರ ಕಡಿಮೆ. ಅದಕ್ಕೇ ಕೆಳಗಡೆ ಕಬ್ಬಿಣದ ಕಂಬಿ ಹಾಕುವುದು. ಅಂದರೆ ಐದು ಇಂಚಿನ ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಕಂಬಿಯನ್ನು ಹಿಡಿದಿಟ್ಟು ಮುಚ್ಚಿಕೊಳ್ಳುತ್ತದೆಯೇ ಹೊರತು ಭಾರ ಹೊರುವುದರಲ್ಲಿ ಅದರ ಪಾಲು ಅಲ್ಪ. ಆದರೂ ಅದರ ತೂಕವನ್ನು ಇಡೀ ಕಟ್ಟಡ ಹೊರಬೇಕು.

ಭಾರ ಯಾವ ದಾರಿಯಲ್ಲಿ ಹರಿದು ಗೋಡೆಗೆ ಇಳಿಯುತ್ತದೆ ಎಂದು ಕಂಪ್ಯೂಟರು ಲೆಕ್ಕ ಹಾಕಿ ತೋರಿಸಬಲ್ಲದು. ಆ ದಾರಿಯಲ್ಲಿ ಮಾತ್ರ ಕಾಂಕ್ರೀಟ್ ಇಟ್ಟು ಉಳಿದದ್ದನ್ನು ಬಿಡಬಹುದು. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಸ್ಥೆಯ ಸಂಶೋಧಕರು ಹೀಗೆ ಮಾಡಿದ 'ಸ್ಮಾರ್ಟ್ ಸ್ಲ್ಯಾಬ್', 2019ರಲ್ಲಿ ಉದ್ಘಾಟನೆಯಾದ ಡಿಫ್ಯಾಬ್ ಹೌಸಿನಲ್ಲಿದೆ. ಅವರು ಪ್ರಿಂಟ್ ಮಾಡಿದ್ದು ಕಾಂಕ್ರೀಟನ್ನಲ್ಲ, ಅದನ್ನು ಸುರಿಯುವ ಮರಳಿನ ಅಚ್ಚನ್ನು. ಸುಮಾರು 80 ಚದರ ಮೀಟರಿನ ಆ ಸ್ಲ್ಯಾಬು ಅತಿ ತೆಳುವಾದ ಕಡೆ ಬರೀ 20 ಮಿ.ಮೀ. ದಪ್ಪವಿದೆ. ತೂಕ ಸಾಮಾನ್ಯ ಸ್ಲ್ಯಾಬಿನ ಅರ್ಧಕ್ಕಿಂತ ಕಡಿಮೆ.

ಈ ಯೋಚನೆಯ ಮೂಲ ತತ್ವ ನಮ್ಮವರಿಗೂ ಹೊಸದಲ್ಲ. ಸ್ಲ್ಯಾಬಿನ ಕೆಳಭಾಗದಲ್ಲಿ, ಕಂಬಿಗಳ ನಡುವಿನ ಜಾಗದಲ್ಲಿ ಮಂಗಳೂರು ಹೆಂಚು ಇಟ್ಟು ಅಷ್ಟು ಕಾಂಕ್ರೀಟು ಉಳಿಸುವ 'ಫಿಲ್ಲರ್ ಸ್ಲ್ಯಾಬ್' ವಿಧಾನವನ್ನು ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದರು. ಕರ್ನಾಟಕದಲ್ಲೂ ಇಂಥ ಮನೆಗಳಿವೆ. ಸ್ಮಾರ್ಟ್ ಸ್ಲ್ಯಾಬಿಗೆ ಕಂಪ್ಯೂಟರು ಬೇಕು, ಇದಕ್ಕೆ ಹೆಂಚು ಮತ್ತು ತಿಳಿದ ಮೇಸ್ತ್ರಿ ಸಾಕು. ಭಾರ ಹೊರದ ಕಡೆ ಕಾಂಕ್ರೀಟ್ ಹಾಕಬೇಡ ಎನ್ನುವುದೇ ಎರಡರ ಹಿಂದಿರುವ ಮಾತು.

ಮಣ್ಣನ್ನೇ ಪ್ರಿಂಟ್ ಮಾಡಿದರೆ?

ಸಿಮೆಂಟೇ ಸಮಸ್ಯೆಯಾದರೆ ಪ್ರಿಂಟರಿಗೆ ಮಣ್ಣು ಹಾಕಬಾರದೇಕೆ? ಅದನ್ನೂ ಮಾಡಿ ನೋಡಿದ್ದಾರೆ. ಇಟಲಿಯ ಮಾಸ್ಸಾ ಲೊಂಬಾರ್ದಾದಲ್ಲಿ ವಾಸ್ತುಶಿಲ್ಪಿ ಮಾರಿಯೊ ಕುಚಿನೆಲ್ಲಾ ಮತ್ತು ವಾಸ್ಪ್ ಕಂಪನಿ ಸೇರಿ 2021ರಲ್ಲಿ ಮುಗಿಸಿದ 'ಟೆಕ್ಲಾ' ಎಂಬ ಮನೆ ಸ್ಥಳೀಯ ಮಣ್ಣಿನದು. 12 ಮಿ.ಮೀ. ದಪ್ಪದ 350 ಪದರಗಳು, ಸುಮಾರು 200 ಗಂಟೆಗಳ ಪ್ರಿಂಟಿಂಗ್.

ಮರುವರ್ಷ ಬಾರ್ಸಿಲೋನಾ ಪಕ್ಕದ ಕಾಡಿನಂಚಿನಲ್ಲಿ, ಅಲ್ಲಿನ ಐಎಎಸಿ ಎಂಬ ವಾಸ್ತುಶಿಲ್ಪ ಸಂಸ್ಥೆಯ ವಿದ್ಯಾರ್ಥಿಗಳು ಮತ್ತು ಸಂಶೋಧಕರು 'ತೋವಾ' ಎಂಬ ಪುಟ್ಟ ಕಟ್ಟಡವನ್ನು 7 ವಾರಗಳಲ್ಲಿ ಕಟ್ಟಿದರು. ಮಣ್ಣು ಅಲ್ಲೇ ಸುತ್ತಮುತ್ತ ಅಗೆದದ್ದು. ಛಾವಣಿ ಮರದ್ದು. ಮಳೆಯಿಂದ ಗೋಡೆ ಕಾಯಲು ಲೋಳೆಸರ ಮತ್ತು ಮೊಟ್ಟೆಯ ಬಿಳಿಭಾಗದಂಥ ಪದಾರ್ಥಗಳ ಲೇಪನ. ಸುಣ್ಣದ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸುತ್ತಿದ್ದ ಕತೆಗಳನ್ನು ಕೇಳಿರುವ ನಮಗೆ ಇದು ತೀರ ಅಪರಿಚಿತ ಅನ್ನಿಸುವುದಿಲ್ಲ.

ಆದರೆ ಮಣ್ಣಿಗೆ ಮಿತಿಗಳಿವೆ. ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಒಂದು ಪದರ ಆರಲು ಸಮಯ ಕೊಡದೆ ಮೇಲೆ ಮೇಲೆ ಹಾಕಿದರೆ ಕುಸಿಯುತ್ತದೆ. ಮಹಡಿಗಳ ಭಾರ ಹೊರುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ಮಣ್ಣೂ ಒಂದೇ ಅಲ್ಲ. ನಮ್ಮ ವಿದ್ಯಾರ್ಥಿನಿಯ ಊರಿನ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಸ್ಪೇನಿನಲ್ಲಿ ನಿಂತ ಗೋಡೆ ಅಲ್ಲಿ ನಿಲ್ಲುತ್ತದೆಂಬ ಖಾತ್ರಿಯಿಲ್ಲ.

ನಮ್ಮ ಮಣ್ಣಿನ ಲೆಕ್ಕ

ಈ ವಿಷಯದಲ್ಲಿ ಬೆಂಗಳೂರಿನಲ್ಲೇ ದಶಕಗಳ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಬ್ಲಾಕುಗಳ ಮೇಲೆ ಸಂಶೋಧನೆ ನಡೆಸಿದರು. ಮರಳು ಹೆಚ್ಚಿರುವ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ನೀರು ಚಿಮುಕಿಸಿ ಹದ ಮಾಡುತ್ತಾರೆ. ಸುಡುವ ಕೆಲಸವಿಲ್ಲ. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಶೇ. 6ರಷ್ಟು ಸಿಮೆಂಟಿರುವ ಇಂಥ ಬ್ಲಾಕಿನ ಗೋಡೆಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯ ಗೋಡೆಯ ಸುಮಾರು ಮೂರನೇ ಒಂದು ಭಾಗ ಮಾತ್ರ.

ಅಂದರೆ ಪ್ರಿಂಟ್ ಮಾಡಿದ ಗೋಡೆ ಸ್ಪರ್ಧಿಸಬೇಕಾದದ್ದು ಸುಟ್ಟ ಇಟ್ಟಿಗೆಯೊಂದಿಗಷ್ಟೇ ಅಲ್ಲ, ಇಂಥ ಬ್ಲಾಕಿನೊಂದಿಗೂ. ಬ್ಲಾಕಿನ ಕೆಲಸದಲ್ಲಿ ಊರಿನ ಜನಕ್ಕೆ ಕೂಲಿ ಸಿಗುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹಾಗಾದರೆ ಅವಳು ಏನು ಮಾಡಬೇಕು?

ಕಂಪ್ಯೂಟರನ್ನು ಬಿಡಬೇಕಾಗಿಲ್ಲ. ಬಿಸಿಲು ಯಾವ ಗೋಡೆಗೆ ಎಷ್ಟು ಹೊತ್ತು ಬೀಳುತ್ತದೆ, ಗಾಳಿ ಯಾವ ಕಿಟಕಿಯಿಂದ ಬಂದು ಎಲ್ಲಿಂದ ಹೋಗುತ್ತದೆ, ಛಾವಣಿಯಲ್ಲಿ ಎಲ್ಲಿ ಕಾಂಕ್ರೀಟು ದಂಡ ಎನ್ನುವುದನ್ನು ಅದರಲ್ಲಿ ಕಂಡುಕೊಳ್ಳಲಿ. ಛಾವಣಿಯ ಅಚ್ಚನ್ನು ಸಿಎನ್‌ಸಿ ಯಂತ್ರದಲ್ಲಿ ಕತ್ತರಿಸಿ ಮತ್ತೆ ಮತ್ತೆ ಬಳಸುವಂತೆ ಮಾಡಲಿ. ಗೋಡೆಯನ್ನು ಪ್ರಿಂಟ್ ಮಾಡಲೇಬೇಕೆನಿಸಿದರೆ ಮಿಶ್ರಣದಲ್ಲಿ ಸಿಮೆಂಟು ಎಷ್ಟು, ಯಂತ್ರ ಎಷ್ಟು ದೂರದಿಂದ ಬರುತ್ತದೆ, ಅದೇ ಗೋಡೆಯನ್ನು ಮಣ್ಣಿನ ಬ್ಲಾಕಿನಲ್ಲಿ ಕಟ್ಟಿದರೆ ಏನಾಗುತ್ತದೆ ಎಂದು ಅಕ್ಕಪಕ್ಕ ಬರೆದು ಹೋಲಿಸಲಿ.

ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸಕ್ಕೆ ಯಂತ್ರವೇ ಬೇಡ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಊರಿನ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಾಡಿಸದೆ ಇಡಬೇಕು. ಮರಳು ತಳದಲ್ಲಿ, ನವಿರಾದ ಮಣ್ಣು ನಡುವೆ, ಜೇಡಿ ಮೇಲೆ ಬೇರೆ ಬೇರೆಯಾಗಿ ಕೂರುತ್ತವೆ. ಬ್ಲಾಕಿಗೆ ಹೊಂದುವ ಮಣ್ಣಿನಲ್ಲಿ ಮರಳೇ ಹೆಚ್ಚಿದ್ದು ಜೇಡಿ ಸುಮಾರು ನೂರಕ್ಕೆ 10ರಿಂದ 15 ಭಾಗ ಇರುತ್ತದೆ. ಎರೆಮಣ್ಣಿನ ಬಾಟಲಿಯಲ್ಲಿ ಜೇಡಿಯ ಪದರವೇ ದಪ್ಪಗಿರುತ್ತದೆ. ಆಗ ಅವಳು ಹತ್ತಿರದಲ್ಲಿ ಮರಳು ಮಿಶ್ರಿತ ಕೆಂಪು ಮಣ್ಣು ಅಥವಾ ಕಲ್ಲು ಎಲ್ಲಿ ಸಿಗುತ್ತದೆ ಎಂದು ಊರಿನ ಮೇಸ್ತ್ರಿಯನ್ನು ಕೇಳಬೇಕಾಗುತ್ತದೆ. ಗೋಡೆ ಯಾವುದರದ್ದು ಎಂದು ತೀರ್ಮಾನವಾದ ಮೇಲೆ, ಅದನ್ನು ಯಾವ ಯಂತ್ರದಿಂದ ಕಟ್ಟಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭ.